ಅರಮನೆ ಬೇಡವೆಂದ ಮಾಸ್ತರ

ಬಟ್ಟೆಯಂತೆ ಹಿಡಿದು ನೋಡಿದರೆ ನಬಿಸಾಬ ಮಾಸ್ತರರು ಯಾರೂ ಎರಡನೇ ಸಲ ಮುಟ್ಟುವ ಮಾಲಲ್ಲ. ಅಳತೆ ಕಡಿಮೆ, ಬಣ್ಣ ಬಿಟ್ಟದ್ದು, ಅಂಚು ಸವೆದದ್ದು. ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಅದು ನಿದ್ದೆಯೋ ಲೆಕ್ಕಾಚಾರವೋ ತಿಳಿಯುತ್ತಿರಲಿಲ್ಲ. ದನಿ ಮಾತ್ರ ಈಗಷ್ಟೇ ಬಿಚ್ಚಿದ ಹೊಸ ಬಟ್ಟೆಯ ತಾನು. ಇಂಥ ಮಾಲು ಕಂಡಾಗ ವ್ಯಾಪಾರಿಗೆ ಮೊದಲು ಬರುವುದು ಅನುಮಾನ.

ಕಲಾದಗಿಯ ಈ ಮನುಷ್ಯ ಹಾರ್ಮೋನಿಯಂ ಹೊತ್ತುಕೊಂಡು ಊರೂರು ತಿರುಗಿ ರೈತರಿಗೆ ನಾಟಕ ಕಲಿಸುತ್ತಿದ್ದರು. ನನ್ನದು ಇಳಕಲ್ಲಿನಲ್ಲಿ ನಾಟಕದ ಸೀನರಿ, ಡ್ರೆಸ್ ಬಾಡಿಗೆಗೆ ಕೊಡುವ ಅಂಗಡಿ. ಯಾರ ಅಂಗಡಿಯ ಪರದೆ ತರಬೇಕೆಂದು ಊರವರು ಮಾಸ್ತರರನ್ನೇ ಕೇಳುತ್ತಿದ್ದರು. ಹಾಗಾಗಿ ಅವರಿಗೆ ಚಹಾ ಕುಡಿಸುವುದರಲ್ಲಿ ನಾನು ಕೈ ಬಿಗಿ ಹಿಡಿದವನಲ್ಲ.

೧೯೭೯ರ ಬೇಸಿಗೆ. ಮರೋಳವೆಂಬ ಹಳ್ಳಿಯ ನಾಟಕಕ್ಕೆ ಯಾವ ಯಾವ ಪರದೆ ಕಳಿಸಲಿ ಎಂದು ಮಾಸ್ತರರನ್ನು ಕೇಳಿದೆ.

"ಈ ಸಲ ಪರದೆ ಬ್ಯಾಡ್ರಿ ಸಾವಕಾರ್ರ. ಒಂದು ಬಾಗಲಾ ಇದ್ರ ಕೊಡ್ರಿ."

ನನ್ನ ಹತ್ತಿರ ಅರಮನೆ ಇತ್ತು, ಉದ್ಯಾನ ಇತ್ತು, ಕಾಡು, ಸ್ಮಶಾನ ಎಲ್ಲ ಇತ್ತು. ಬಾಗಿಲು ಇರಲಿಲ್ಲ.

"ಅರಮನಿ ಇಲ್ಲದ ನಾಟಕಕ್ಕ ಮಂದಿ ಬರ್ತಾರೇನ್ರಿ ಮಾಸ್ತರ? ನೋಡೋದು ಜರತಾರಿ ಅಂಗಿ, ಕೇಳೋದು ಹಾಡು. ಕಥಿ ಯಾರಿಗೆ ಬೇಕಾಗೇತಿ?"

"ಅಂಗಿ ತೊಡಿಸಾಕ ಒಳಗೊಂದು ಜೀವ ಬೇಕಲ್ರಿ."

"ಜೀವ ಇರದಿದ್ರೂ ನಡೀತೈತಿ. ನಮ್ಮ ಕಡೆ ಹೆಣಾನೂ ಎದ್ದು ಹಾಡ್ತಾವ."

ಸುಳ್ಳಲ್ಲ. ಪಾತ್ರ ಚೆಂದಾಗಿ ಸತ್ತರೆ ನಮ್ಮ ಮಂದಿ 'ವನ್ಸ್ ಮೋರ್' ಎಂದು ಕೂಗುತ್ತಾರೆ. ರಾಜ ಎದ್ದು, ಕಿರೀಟ ಸರಿಮಾಡಿಕೊಂಡು, ಹಾಡು ಮತ್ತೊಮ್ಮೆ ಹೇಳಿ ಮತ್ತೊಮ್ಮೆ ಸಾಯುತ್ತಾನೆ.

ಮಾಸ್ತರರು ನಗಲಿಲ್ಲ. ಬಾಗಲಕೋಟೆಯ ಸೀನರಿ ಅಂಗಡಿಯವನು ಇವರನ್ನು ಬುಟ್ಟಿಗೆ ಹಾಕಿಕೊಂಡಿದ್ದಾನೆಂದು ನನಗೆ ಖಾತ್ರಿಯಾಯಿತು. ಪೂರ್ತಿ ತಾಲೀಮಿನ ದಿನ ಅರಮನೆಯ ಪರದೆಯನ್ನು ಬಸ್ಸಿನ ಮೇಲೆ ಕಟ್ಟಿಸಿಕೊಂಡು ಮರೋಳಕ್ಕೆ ಹೋದೆ.

ಅಲ್ಲಿ ನಾಟಕ ಸಂಘದ ಹಿರಿಯ ಹನಮಂತಪ್ಪನಿಗೂ ಮಾಸ್ತರರ ಮೇಲೆ ನಂಬಿಕೆ ಉಳಿದಿರಲಿಲ್ಲ.

"ಹಾಡಿಲ್ಲ, ಯುದ್ಧಿಲ್ಲ. ಇದೇನು ನಾಟಕೋ ನೆರಿಮನಿ ಜಗಳೋ? ಇವತ್ತ ಮಂದಿಗೆ ಹಿಡಸ್ಲಿಲ್ಲ ಅಂದ್ರ ಬ್ಯಾರೆ ಮಾಸ್ತರನ್ನ ಕರಸ್ತೇವಿ."

ಮರೋಳದವರು ಬಿಟ್ಟ ಮಾಸ್ತರನನ್ನು ಹುನಗುಂದ ತಾಲೂಕಿನಲ್ಲಿ ಮತ್ತೆ ಯಾರೂ ಕರೆಯುತ್ತಿರಲಿಲ್ಲ. ಅದು ನಬಿಸಾಬರಿಗೂ ಗೊತ್ತಿತ್ತು.

ಕಥೆ ಇಷ್ಟೇ. ಹೊಲದಲ್ಲಿ ಪಾಲು ಕೇಳಿದ ತಂಗಿಯನ್ನು ಅಣ್ಣ ದೂರ ಮಾಡಿದ್ದಾನೆ. ಈಗ ಅಣ್ಣ ಒಳಗೆ ಸಾಯುತ್ತಿದ್ದಾನೆ, ತಂಗಿ ಹೊರಗೆ ಬಾಗಿಲು ಬಡಿಯುತ್ತಿದ್ದಾಳೆ, ಅಣ್ಣನ ಹೆಂಡತಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಾಳೆ. ಆಟಕ್ಕೆ ನಿಲ್ಲಿಸಿದ ಬಾಗಿಲು ಹನಮಂತಪ್ಪನ ದನದ ಮನೆಯಿಂದ ಕಿತ್ತು ತಂದದ್ದು.

ಬಿಸಿಲಿಳಿದ ಮೇಲೆ ಗುಡಿಯ ಮುಂದೆ ತಾಲೀಮು ಶುರುವಾಯಿತು. ಊರೆಲ್ಲ ಕೂಡಿತ್ತು. ಅಣ್ಣನಾದ ಮಾಳಪ್ಪ ಭಾಳ ಚೆಂದ ಸತ್ತ. ಹಿಂದಿನಿಂದ ಒಂದು ಸೀಟಿ, ಕೂಡಲೇ 'ವನ್ಸ್ ಮೋರ್'. ಮಾಳಪ್ಪ ರೂಢಿಯಂತೆ ಎದ್ದು ಧೋತರ ಝಾಡಿಸಿದ. ಬಾಯಿ ತೆರೆದ ಮೇಲೆ ನೆನಪಾಯಿತು, ಹಾಡೇ ಇಲ್ಲ. ಮಂದಿ ಬಿದ್ದು ಬಿದ್ದು ನಕ್ಕರು. ಹನಮಂತಪ್ಪ ಮಾಸ್ತರರ ಕಡೆ ದುರುಗುಟ್ಟಿದ. ನಾನು ನನ್ನ ಪರದೆಯ ಹಗ್ಗ ಬಿಚ್ಚತೊಡಗಿದೆ.

ಮಾಸ್ತರರು ಹಾರ್ಮೋನಿಯಂ ಮೇಲಿನ ಕೈ ತೆಗೆದರು. "ಲೇ ಮಾಳ್ಯಾ, ಬಿದ್ಕೋ. ನಿನ್ನ ತಂಗಿ ಇನ್ನೂ ಹೊರಗ ನಿಂತಾಳ."

ತಂಗಿಯ ಪಾರ್ಟಿನ ಸತ್ಯವ್ವ ಮತ್ತೆ ಬಾಗಿಲು ಬಡಿದಳು. "ಯಣ್ಣಾ, ನಾ ಬಂದೇನಿ." ಅಣ್ಣ ಸತ್ತದ್ದು ಅವಳಿಗೆ ತಿಳಿದಿಲ್ಲವೆಂಬುದು ಎಲ್ಲರಿಗೂ ಒಮ್ಮೆಲೇ ಹೊಳೆದು ನಗೆ ನಿಂತಿತು. ಮುಂದೆ ಕೂತಿದ್ದ ಮುದುಕಿ ಬೋರವ್ವನಿಗೆ ತಡೆಯಲಾಗಲಿಲ್ಲ.

"ತಗಿಯವ್ವ ಬಾಗಲಾ. ಎಷ್ಟೊತ್ತು ನಿಂದರಸ್ತಿ ಹೆಣ್ಮಗಳನ್ನ?"

ಅತ್ತಿಗೆಯ ಕೈ ಅಗಳಿಯ ತನಕ ಹೋಯಿತು. ಅಷ್ಟಕ್ಕೆ ಮಾಸ್ತರರು ಎದ್ದು ನಿಂತರು. "ಇವತ್ತಿಗೆ ಸಾಕು. ಉಳದದ್ದು ನಾಟಕದ ದಿನಾ."

ಬೈಗುಳ ಸಾಕಷ್ಟು ಬಿದ್ದವು. ಹನಮಂತಪ್ಪ ಬೆನ್ನು ಹತ್ತಿದ. "ನನಗರೆ ಹೇಳ್ರಿ ಮಾಸ್ತರ, ತಗೀತಾಳೋ ಇಲ್ಲೋ?"

"ಬಾಗಲಾ ನಿಮ್ಮದ ಐತಲ್ರಿ. ಅದನ್ನ ಕೇಳ್ರಿ."

ಬೇರೆ ಮಾಸ್ತರನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಮಾಳಪ್ಪ ಎದ್ದದ್ದೂ ಮಾಸ್ತರರ ಹೂಟವೇ ಇರಬೇಕೆಂದು ನನಗೆ ಇಂದಿಗೂ ಅನುಮಾನ. ಆ ಮೊದಲ ಸೀಟಿ ಹೊಡೆದವನು ಯಾರೆಂದು ಮರೋಳದಲ್ಲಿ ವಿಚಾರಿಸಿದ್ದೇನೆ. ಒಬ್ಬರೂ ಬಾಯಿ ಬಿಡಲಿಲ್ಲ. ಬಾಗಲಕೋಟೆಯಲ್ಲಿ ವಿಚಾರಿಸಿದರೆ, ಮಾಸ್ತರರನ್ನು ಬುಟ್ಟಿಗೆ ಹಾಕಿಕೊಂಡವನು ನಾನೇ ಎಂದು ಆ ಅಂಗಡಿಯವನು ತಿಳಿದು ಕೂತಿದ್ದ.

ನಾಟಕದ ದಿನ ಐಹೊಳೆಯ ಕಡೆಯಿಂದಲೂ ಗಾಡಿ ಬಂದವು. ಕರೆಯದಿದ್ದರೂ ನಾನೂ ಹೋದೆ. ಅತ್ತಿಗೆ ಬಾಗಿಲು ತೆಗೆದಳು. ಹೊರಗೆ ಯಾರೂ ಇರಲಿಲ್ಲ. ಕಾದು ಕಾದು ತಂಗಿ ಹೋಗಿಬಿಟ್ಟಿದ್ದಳು. ತಾಲೀಮಿನ ದಿನ ಅಲ್ಲೇ ಬಿಟ್ಟುಬಂದಿದ್ದ ನನ್ನ ಅರಮನೆಯ ಪರದೆಯನ್ನು ಹೆಂಗಸರು ಕೂರಲು ಹಾಸಿದ್ದರು. ಅದರ ಮೇಲೆ ಎಲೆಯಡಿಕೆ ಉಗುಳಿದರೋ ಏನೋ, ನಾನು ಆ ಕಡೆ ತಿರುಗಲಿಲ್ಲ.

ಮರುವರ್ಷ ನಾಟಕಗಳಿಗೆ ಬಾಡಿಗೆ ಕೊಡಲೆಂದು ಒಂದು ಬಾಗಿಲು ಮಾಡಿಸಿ ಬಂಗಾರದ ಬಣ್ಣ ಹೊಡೆಸಿದೆ. ಮಾಸ್ತರರು ನೋಡಿ, ಚಹಾ ಕುಡಿದು, ಒಯ್ಯದೆ ಹೋದರು. ೧೯೮೬ರಲ್ಲಿ ತೀರಿಕೊಳ್ಳುವ ತನಕ ಅವರಿಗೆ ಕರೆಯುವ ಊರುಗಳ ಕೊರತೆ ಬೀಳಲಿಲ್ಲ.

ಮರೋಳಕ್ಕಿಂತ ಮೊದಲು ಎಷ್ಟೋ ನಾಟಕಗಳಿಗೆ ಪರದೆ ಕಟ್ಟಿಸಿದ್ದೆ. ಒಂದನ್ನೂ ಕೊನೆಯ ತನಕ ನೋಡಿರಲಿಲ್ಲ, ಕಣ್ಣೆಲ್ಲ ನನ್ನ ಬಟ್ಟೆಯ ಮೇಲೆಯೇ. ನಾಟಕ ನೋಡುವುದನ್ನು ನನಗೆ ಕಲಿಸಿದವರು ನಬಿಸಾಬ ಮಾಸ್ತರರು. ಅದಕ್ಕೆ ನಾನು ಅವರಿಗೆ ಋಣಿ.