ನೀರು ಕೂಡಿದ ಉಪ್ಪಿನ ತೂಕ

ಜೀವಕೋಶದೊಳಗೆ ಡಿಎನ್‌ಎ ಸುತ್ತಿಕೊಂಡಿರುವ ಕ್ರೊಮ್ಯಾಟಿನ್ ಎಳೆಗಳು ಉಪ್ಪಿನ ಅಂಶ ಏರಿಳಿದಂತೆ ಹೇಗೆ ಮಡಚಿಕೊಳ್ಳುತ್ತವೆ, ಹೇಗೆ ಬಿಚ್ಚಿಕೊಳ್ಳುತ್ತವೆ ಎಂಬುದನ್ನು ಮೂವತ್ತನಾಲ್ಕು ವರ್ಷ ಪಟ್ಟು ಬಿಡದೆ ಹುಡುಕಿದ, ಈಗ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರದು ಈ ಕ್ಷೇತ್ರದಲ್ಲಿ ಮೊದಲ ಸಾಲಿನ ಸ್ಥಾನ. ಉಪ್ಪು ತೀರಾ ಕಡಿಮೆಯಿದ್ದರೆ ಎಳೆಯು ಸಡಿಲವಾದ ಮಣಿಸರದಂತಿರುತ್ತದೆ. ಹದವಾಗಿದ್ದರೆ ಒತ್ತಾಗಿ ಮಡಚಿಕೊಳ್ಳುತ್ತದೆ. ಮಿತಿಮೀರಿದರೆ ಎಳೆಗೆ ಎಳೆ ಅಂಟಿ ಮುದ್ದೆಯಾಗುತ್ತದೆ. ಆ ಹದ ಎಲ್ಲಿದೆಯೆಂದು ಅಳೆಯುವುದೇ ಅವರ ಬಾಳಿನ ಕೆಲಸ. ನಾವು ಬೆನ್ನ ಹಿಂದೆ ‘ಉಪ್ಪಿನ ಮೇಡಂ’ ಎನ್ನುತ್ತಿದ್ದೆವು. ಅವರಿಗೂ ಅದು ಗೊತ್ತಿತ್ತು.

ನಾನು ವಿದ್ಯಾರ್ಥಿನಿಯಾಗಿ ಸೇರಿದಾಗ ಪ್ರಯೋಗಾಲಯವೆಂದರೆ ಕಟ್ಟಡದ ಹಿಂಬದಿಯ ಎರಡು ಕೋಣೆ, ಯಾರಾದರೂ ಜೋರಾಗಿ ನಡೆದರೆ ಅಂಕಿ ಬದಲಿಸುವ ಒಂದು ತಕ್ಕಡಿ. ಮೊದಲ ತಿಂಗಳೇ ಜ್ವರ ಹಿಡಿದು ಮಲಗಿದೆ. ಮೇಡಂ ನನ್ನ ಮಾದರಿಗಳನ್ನು ಎಂಟು ದಿನ ತಾವೇ ನೋಡಿಕೊಂಡು, ‘ಕೆಲಸ ನಿಂತಿಲ್ಲ, ನಿದ್ದೆ ಮಾಡು’ ಎಂದು ಚೀಟಿ ಕಳಿಸಿದ್ದರು.

ಎರಡನೆಯ ವರ್ಷ ನಾನು ಎಡವಟ್ಟು ಮಾಡಿದೆ. ನಾವು ಉಪ್ಪೆಂದು ಬಳಸುವ ಮೆಗ್ನೀಸಿಯಂ ಲವಣ ಎರಡು ಬಗೆಯಲ್ಲಿ ಸಿಗುತ್ತದೆ: ಒಣಗಿದ್ದು ಒಂದು, ಹರಳಿನೊಳಗೇ ನೀರು ಕೂಡಿದ್ದು ಇನ್ನೊಂದು. ಎರಡನೆಯದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ನೀರು. ನಾನು ಒಣಗಿದ್ದರ ಲೆಕ್ಕ ಹಾಕಿ, ನೀರು ಕೂಡಿದ್ದನ್ನು ತೂಗಿಬಿಟ್ಟೆ. ದ್ರಾವಣದಲ್ಲಿದ್ದ ಉಪ್ಪು ನಾವು ಬರೆದುಕೊಂಡದ್ದರ ಅರ್ಧವೂ ಇರಲಿಲ್ಲ! ಆ ಅಂಕಿಯೇ ಇಬ್ಬರ ಹೆಸರಿನ ಪ್ರಬಂಧದಲ್ಲಿ ಅಚ್ಚಾಯಿತು.

ವರ್ಷದ ಬಳಿಕ ಬೇರೊಂದು ತಂಡದಿಂದ ಕಾಗದ ಬಂತು: ನೀವು ಹೇಳಿದಷ್ಟು ಉಪ್ಪು ಹಾಕಿದರೆ ನಮ್ಮ ಎಳೆಗಳೆಲ್ಲ ಮುದ್ದೆಯಾಗುತ್ತಿವೆ. ವಿಭಾಗದ ಮುಖ್ಯಸ್ಥರ ಆಯ್ಕೆ ಅದೇ ತಿಂಗಳಿತ್ತು, ಮೇಡಂ ಹೆಸರೇ ಮುಂದಿತ್ತು. ಪ್ರಯೋಗದ ಹಳೆಯ ಪುಸ್ತಕ ತೆರೆದು ನೋಡಿದರೆ, ನಾನು ತೂಗಿದ್ದು ನೀರು ಕೂಡಿದ ಉಪ್ಪು. ಅಳುತ್ತಲೇ ಹೋಗಿ ಹೇಳಿದೆ.

“ಅಯ್ಯೋ ಹುಚ್ಚಿ, ಅಳೋದ್ಯಾಕೆ? ತೂಗಿದ್ದು ನೀನು, ಸರಿ. ಪುಸ್ತಕ ನೋಡಿ ಸಹಿ ಹಾಕಿದ್ದು ಯಾರು?”

“ಮೇಡಂ, ಆಯ್ಕೆ ಮುಗಿಯೋವರೆಗಾದ್ರೂ ಸುಮ್ನಿರೋಣ.”

“ಅಲ್ಲೀವರೆಗೂ ಆ ಮಕ್ಕಳು ಮುದ್ದೆ ಬಿಡಿಸ್ತಾ ಕೂತಿರ್ಬೇಕಾ? ಹೋಗು, ಮುಖ ತೊಳ್ಕೊಂಡು ಬಾ. ಹೊಸದಾಗಿ ತೂಗೋಣ.”

ಮೂರು ವಾರ ಮತ್ತೆ ಅಳೆದೆವು. ಎಳೆ ಮಡಚಿಕೊಳ್ಳುವುದು ನಿಜವೇ ಆಗಿತ್ತು, ಹದದ ಅಂಕಿ ಮಾತ್ರ ಸುಳ್ಳು. ‘ಲವಣದ ತೂಕದಲ್ಲಿ ತಪ್ಪಾಗಿದೆ, ತಪ್ಪು ನನ್ನದು’ ಎಂಬ ತಿದ್ದುಪಡಿ ಅವರೊಬ್ಬರ ಸಹಿಯಲ್ಲಿ ಅಚ್ಚಾಯಿತು. ಮುಖ್ಯಸ್ಥರ ಸ್ಥಾನ ಕೈತಪ್ಪಿತು. ಅದು ಸಿಕ್ಕಿದ್ದು ಆರು ವರ್ಷದ ನಂತರ. ಎಲ್ಲರ ಕಾಲನ್ನೂ ಎಳೆಯುವ ಅವರು ಆ ವಿಷಯಕ್ಕೆ ಮಾತ್ರ ನನ್ನನ್ನು ಒಮ್ಮೆಯೂ ಚುಚ್ಚಲಿಲ್ಲ. ನನಗೆ ಕೆಲಸ ಕೊಡಿಸಿದ ಶಿಫಾರಸು ಪತ್ರದಲ್ಲಿ ‘ಇಷ್ಟು ಎಚ್ಚರದಿಂದ ತೂಗುವವರನ್ನು ಕಂಡಿಲ್ಲ’ ಎಂದು ಬರೆದಿದ್ದರಂತೆ. ನಾನೋ, ಇಷ್ಟು ವರ್ಷ ಬಾಯಿ ಬಿಡಲಿಲ್ಲ. ನಾಚಿಕೆಯಾಗುತ್ತದೆ.

ನಿವೃತ್ತಿಯ ನಂತರವೂ ಕಿಟಕಿ ಬಳಿಯ ಮೇಜನ್ನು ಬಿಟ್ಟುಕೊಡುವುದಿಲ್ಲವೆಂದು ಅವರು ಈಗಾಗಲೇ ಸಾರಿದ್ದಾರೆ. ಆ ಮೇಜಿನ ಮುಂದೆ ಅವರು ಬಹುಕಾಲ ಕೂರಲಿ. ಕಣ್ಣು, ಕೈ, ನಾಲಿಗೆ ಮೂರೂ ಹೀಗೇ ಚುರುಕಾಗಿರಲಿ. ಈ ಲೇಖನವನ್ನು ಅವರಿಗೆ ಮೊದಲೇ ತೋರಿಸಿಲ್ಲ, ತೋರಿಸಿದ್ದರೆ ಹೊಡೆದುಹಾಕುತ್ತಿದ್ದರು. ಓದಿ ಗದರುವುದು ಖಂಡಿತ, ಗದರಲಿ. ನಿಮ್ಮ ಆ ತಿದ್ದುಪಡಿಯಲ್ಲೂ ಒಂದು ತಪ್ಪು ಉಳಿದಿದೆ, ಮೇಡಂ. ಉಪ್ಪು ತೂಗಿದವಳು ನಾನು.