ರಾಜಹಂಸ ತೋರಿಸಲು ಐರೋಲಿಗೆ ಹೋದದ್ದು

ಮನೆಗೆ ಬಂದ ನೆಂಟರಿಗೆ ಹತ್ತಿರದ್ದನ್ನು ತೋರಿಸುವುದೆಂದರೆ ನನಗೆ ಏನೋ ಕಡಿಮೆ ಮಾಡಿದಂತೆ. ಅವರನ್ನು ಕಾರು ಹತ್ತಿಸಬೇಕು, ಟ್ರಾಫಿಕ್ಕಿನಲ್ಲಿ ಸ್ವಲ್ಪ ಬೇಯಿಸಬೇಕು, ಸೊಂಟ ಒಂಚೂರಾದರೂ ಹಿಡಿಯಬೇಕು. ಆಗಲೇ ಊರು ತೋರಿಸಿದ ಸಮಾಧಾನ. ಮುಂಬಯಿ ಪಕ್ಕದ ನೆರೂಳದ ನಮ್ಮ ಕಟ್ಟಡದ ಹಿಂದೆ ಒಂದು ಕೆರೆಯಿದೆ. ಅಲ್ಲಿ ಹಕ್ಕಿಗಳು ಬರುತ್ತವೆಂದು ಮಗಳು ಹೇಳುತ್ತಲೇ ಇದ್ದಳು. ಆದರೆ ಅಕ್ಕನ ಗಂಡನನ್ನು ಹಿತ್ತಲಿಗೆ ಕರೆದೊಯ್ದು ಹಕ್ಕಿ ತೋರಿಸುವುದುಂಟೆ?

ಭಾವ ಉಡುಪಿ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ಹೋಟೆಲು ನಡೆಸಿದವರು. ಈಗ ಅದನ್ನು ಬೇರೆಯವರಿಗೆ ಒಪ್ಪಿಸಿ ಅಕ್ಕನೊಂದಿಗೆ ಕಾಯಂ ಊರಿಗೆ ಹೊರಟಿದ್ದರು. ಹೊರಡುವ ಮುಂಚಿನ ಭಾನುವಾರ ನಮ್ಮಲ್ಲಿಗೆ ಬಂದವರು ಕಾಫಿ ಕುಡಿಯುತ್ತ ಅಂದರು: "ಇಡ್ಲಿ ಬೇಯುವಾಗ ಗಲ್ಲಾದಲ್ಲಿ ಕೂತವ, ಶಟರ್ ಎಳೆಯುವಾಗಲೇ ಎದ್ದದ್ದು. ಪ್ರಾಯ ಪೂರ್ತಿ ಇಲ್ಲೇ ಹೋಯ್ತು ಮಾರಾಯ. ಈ ಊರಿನದ್ದು ಎಂತ ಉಂಟು ನನ್ನ ಹತ್ರ? ಬಂದ ಹಾಗೇ ವಾಪಸ್ ಹೋಗುದು."

ನನಗೆ ಚುರ್ ಎಂದಿತು. ಈ ಊರಿನದ್ದೊಂದು ದೊಡ್ಡ ನೋಟವನ್ನಾದರೂ ಕಣ್ಣಲ್ಲಿ ತುಂಬಿಸಿಯೇ ಕಳಿಸಬೇಕೆಂದು ಹಟ ಹುಟ್ಟಿತು. ಸಮುದ್ರದ ನೀರು ಒಳನುಗ್ಗುವ ಐರೋಲಿಯ ಖಾಡಿಯಲ್ಲಿ ಫ್ಲೆಮಿಂಗೊಗಳು, ಅಂದರೆ ರಾಜಹಂಸಗಳು, ಇಳಿದಿರುವ ಕಾಲ. ಕಾರು ಓಡಿಸಲು ಮಗಳಿದ್ದಳು. ಇಲ್ಲೇ ಹುಟ್ಟಿದವಳು, ಕನ್ನಡ ಪೂರ್ತಿ ತಿಳಿಯುತ್ತದೆ, ನಾಲಿಗೆ ಮಾತ್ರ ಹಿಂದಿಗೇ ಹೊರಳುತ್ತದೆ.

"ಅಪ್ಪಾ, ಟೈಡ್ ದೇಖಾ ಕ್ಯಾ?" ಎಂದಳು.

ಭಾನುವಾರವೆಂದರೆ ನಾನು ನೋಡುವುದು ರಿಪೇರಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕ್ ಒಂದನ್ನೇ. ರಸ್ತೆಗೆ ಅದಿಲ್ಲವಲ್ಲ, ಹೊರಡು ಎಂದೆ. ಸಮುದ್ರದ ಉಬ್ಬರ-ಇಳಿತಕ್ಕೂ ಒಂದು ಟೈಮ್‌ಟೇಬಲ್ ಇರುತ್ತದೆಂಬುದು, ಕರಾವಳಿಯಲ್ಲೇ ಹುಟ್ಟಿದ ನನ್ನ ತಲೆಗೆ ಹೊಳೆಯಲೇ ಇಲ್ಲ.

ಸಾನಪಾಡಾ ದಾಟುವಾಗಲೇ ಗಾಳಿ ಕಾರನ್ನು ಪಕ್ಕಕ್ಕೆ ನೂಕುತ್ತಿತ್ತು. ಐರೋಲಿಯಲ್ಲಿ ಇಳಿದರೆ ಭಾವನ ಅಂಗಿ ಉಬ್ಬಿ, ಅವರು ಒಮ್ಮೆಲೇ ದಪ್ಪಗಾದರು. ಖಾಡಿ ತುಂಬಿ ಉಪ್ಪುನೀರಿನ ಕಾಂಡ್ಲಾ ಗಿಡಗಳ ಕುತ್ತಿಗೆವರೆಗೆ ನೀರು ನಿಂತಿತ್ತು. ಹಂಸ ಹಾಗಿರಲಿ, ಒಂದು ಬೆಳ್ಳಕ್ಕಿಯೂ ಇಲ್ಲ.

ಹಕ್ಕಿ ಇಲ್ಲದಿದ್ದರೇನು, ಪಾಂಡಿತ್ಯ ಇತ್ತಲ್ಲ! ಕವಿಗಳ ಹಂಸ ನೀರಿನಿಂದ ಹಾಲನ್ನು ಬೇರ್ಪಡಿಸುತ್ತದೆ, ನಮ್ಮ ಖಾಡಿಯದು ತಲೆಕೆಳಗು ಮಾಡಿ ಕೆಸರು ಸೋಸಿ ತಿನ್ನುತ್ತದೆ, ಮರಿಯಾಗಿದ್ದಾಗ ಬೂದಿ ಬಣ್ಣದ್ದು ಈ ಊಟದಿಂದಲೇ ಗುಲಾಬಿಯಾಗುತ್ತದೆ ಎಂದೆಲ್ಲ ಬಿಗಿದೆ. ಊಟದ ವಿಷಯವಾದ್ದರಿಂದ ಭಾವ ಗಮನವಿಟ್ಟು ಕೇಳಿದರು.

ಮಗಳಿಗೆ ತಡೆಯಲಾಗಲಿಲ್ಲ. "ಅಪ್ಪಾ, ಕೆಸರೇ ನೀರಿನಲ್ಲಿ ಡೂಬ್ ಗಯಾ! ಹೈಟೈಡ್ ಮೇ ಸಬ್ ಅಪನೇ ನೆರೂಳ್ ಕೇ ತಾಲಾಬ್ ಪೇ ಬೈಠತೇ ಹೈ."

"ಹೋಟೆಲಿಗೆ ರಜೆ ಇದ್ದ ದಿನ ಗಿರಾಕಿಯನ್ನು ಕರ್ಕೊಂಡು ಬಂದಿಯಲ್ಲ ಮಾರಾಯ!" ಭಾವ ಹೊಟ್ಟೆ ಹಿಡಿದು ನಕ್ಕರು.

ಉಬ್ಬರಕ್ಕೆ ಕೆಸರು ಮುಳುಗಿದಾಗ ಹಕ್ಕಿಗಳೆಲ್ಲ ನಮ್ಮ ಹಿತ್ತಲ ಕೆರೆಯಲ್ಲೇ ಕೂರುತ್ತವಂತೆ. ಹೋದ ದಾರಿಯಲ್ಲೇ ವಾಪಸು ಬಂದು, ನಮ್ಮದೇ ಕಟ್ಟಡದ ಹಿಂದಿನ ದಿಬ್ಬ ಹತ್ತಿದೆವು.

ಕೆರೆಯಲ್ಲಿ ನೀರು ಕಾಣುತ್ತಿರಲಿಲ್ಲ. ಈ ದಡದಿಂದ ಆ ದಡದವರೆಗೆ ರಾಜಹಂಸಗಳು, ಒಂಟಿ ಕಾಲಿನಲ್ಲಿ, ಎಲ್ಲವೂ ಗಾಳಿಗೆ ಮುಖ ಕೊಟ್ಟು ನಿಂತಿದ್ದವು. ಎಲ್ಲೋ ನಾಯಿ ಬೊಗಳಿತು. ಅಷ್ಟೂ ಒಟ್ಟಿಗೆ ರೆಕ್ಕೆ ಬಿಚ್ಚಿದವು. ಬೂದಿ ಊದಿದಾಗ ಕೆಂಡ ಕಾಣುವಂತೆ ಒಳಗಿನ ಕೆಂಪು ಧಗ್ಗೆಂದು ಮೇಲೆದ್ದು, ನಮ್ಮ ತಲೆಯ ಮೇಲೆ ಒಂದು ಸುತ್ತು ಹಾಕಿ, ಮತ್ತೆ ಇಳಿಯಿತು. ಇಷ್ಟು ವರ್ಷ ಇದಕ್ಕೆ ಬೆನ್ನು ಹಾಕಿ ವಾಕಿಂಗ್ ಮಾಡಿದ್ದೆನಲ್ಲ! ಪಕ್ಕಕ್ಕೆ ತಿರುಗಿದರೆ ಭಾವ ಯಾವಾಗಲೋ ಚಪ್ಪಲಿ ಕಳಚಿ ನಿಂತಿದ್ದರು.

ಹಕ್ಕಿಗಳಿಂದ ಕಣ್ಣು ತೆಗೆಯದೆ ಮಗಳನ್ನು ಕೇಳಿದರು, "ಇಲ್ಲಿಯ ಕೆಸರು ತಿಂದು ಬಣ್ಣ ಏರುದಲ್ವಾ? ಹೋಗುವಾಗ ಇಲ್ಲೇ ಬಿಟ್ಟು ಹೋಗ್ತಾವಾ?"

"ನಹೀ ಮಾವಾ, ಸಾಥ್ ಲೇಕೇ ಜಾತೇ ಹೈ."

ಭಾವ "ಬಣ್ಣ ಒಟ್ಟಿಗೇ ಕೊಂಡುಹೋಗ್ತಾವೆ ಅನ್ನು" ಎನ್ನುತ್ತ ಚಪ್ಪಲಿ ಮೆಟ್ಟಿಕೊಂಡರು.

ಮೊನ್ನೆ ಊರಿನಿಂದ ಅಕ್ಕನ ಫೋನು. ಭಾವ ಬಸ್ಸಿನಲ್ಲಿ ಮರ್ಯಾದೆ ತೆಗೆಯುತ್ತಾರಂತೆ. ಇಳಿಯುವ ಜಾಗ ಎಷ್ಟೋ ದೂರವಿರುವಾಗಲೇ, ಮುಂಬಯಿಯ ಲೋಕಲ್‌ನಲ್ಲಿದ್ದಂತೆ, ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಬಸ್ಸು ಮುಕ್ಕಾಲು ಖಾಲಿ. ಮುಂದಿರುವುದು ಮೀನಿನ ಬುಟ್ಟಿ ಹಿಡಿದ ಒಬ್ಬ ಅಜ್ಜಿ ಮಾತ್ರ. ಅವಳ ಬೆನ್ನು ತಟ್ಟಿ "ಉತರನಾ ಹೈ ಕ್ಯಾ?" ಎಂದು, ಇಳಿಯಲಿಕ್ಕುಂಟಾ ಅಂತ, ಹಿಂದಿಯಲ್ಲೇ ಕೇಳುತ್ತಾರೆ.

"ನಂಗೆ ನಾಚಿಕೆ ಆಗ್ತದೆ. ನೀನಾದ್ರೂ ಸ್ವಲ್ಪ ಹೇಳು" ಎಂದಳು ಅಕ್ಕ.

"ಬಿಡು ಅಕ್ಕಾ, ಅದು ಇಲ್ಲಿಯ ಖಾಡಿಯ ಬಣ್ಣ. ತೊಳೆದ್ರೆ ಹೋಗುದಲ್ಲ" ಎಂದೆ.