ಸ್ಟೇಶನ್ನಿನ ಬಾವಿಯ ನೀರು

ನಾನು ಚಿಕ್ಕವಳಿದ್ದಾಗ ಹುಲಿಗೆ ಹೆದರಿದವಳಲ್ಲ, ಏಕೆಂದರೆ ಹುಲಿಯನ್ನು ನೋಡಿಯೇ ಇರಲಿಲ್ಲ. ರೈಲಿನ ಇಂಜಿನ್ನಿಗೆ ಮಾತ್ರ ಜೀವ ಹೋಗುವಷ್ಟು ಹೆದರುತ್ತಿದ್ದೆ. ಆಗ ನನಗೆ ಏಳು ವರ್ಷ. ಅಪ್ಪ ನನ್ನನ್ನೂ ಅಕ್ಕನನ್ನೂ ಪುಣೆಯ ಅತ್ತೆಯ ಮನೆಗೆ ಕರೆದುಕೊಂಡು ಹೊರಟಿದ್ದ. ನಮ್ಮೂರು ಮಮದಾಪುರದಿಂದ ಎತ್ತಿನ ಚಕ್ಕಡಿಯಲ್ಲಿ ಗೋಕಾಕ ರೋಡ್ ಸ್ಟೇಶನ್ನಿಗೆ ಬಂದು ರೈಲಿನ ಡಬ್ಬಿ ಹತ್ತಿ ಕುಳಿತೆವು. ಇಂಜಿನ್ ಒಮ್ಮೆಲೇ ಸೀಟಿ ಹೊಡೆಯಿತು. ನಾನು ಬೆಚ್ಚಿಬಿದ್ದು ಕಾಲು ಜಾಡಿಸಿದೆ. ಮನೆಯಿಂದ ತಂದ ನೀರಿನ ಬಿಂದಿಗೆ ಉರುಳಿ, ನೀರೆಲ್ಲ ಹಲಗೆಯ ಸಂದಿಯಿಂದ ಹಳಿಯ ಪಾಲಾಯಿತು.

ನಮ್ಮದು ಜೈನರ ಮನೆ. ಸೋಸದ ನೀರು ಕುಡಿಯುವಂತಿರಲಿಲ್ಲ. ಸೋಸಿದ ಮೇಲೂ ಕೆಲಸ ಮುಗಿಯುತ್ತಿರಲಿಲ್ಲ. ಸೋಸಿದ ಅರಿವೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಅದೇ ಬಾವಿಗೆ ಮರಳಿಸಬೇಕು. ಅದೂ ಮೇಲಿಂದ ಸುರಿಯುವಂತಿಲ್ಲ, ನೀರು ಮುಟ್ಟುವ ತನಕ ಹಗ್ಗ ಇಳಿಸಿ ಮೆಲ್ಲಗೆ ಬಿಡಬೇಕು.

ಘಟಪ್ರಭಾ ಸ್ಟೇಶನ್ನಿನಲ್ಲಿ ಇಂಜಿನ್ ನೀರು ತುಂಬಿಸಿಕೊಳ್ಳಲು ನಿಂತಿತು. “ಇಂಜಿನ್ ನೀರ ಕುಡಿಯೂದ್ರಾಗ ಬರ್ತೇನಿ. ಕೆಳಗ ಇಳೀಬ್ಯಾಡ್ರಿ” ಎಂದು ಹೇಳಿ ಅಪ್ಪ ಬಿಂದಿಗೆ, ತಂಬಿಗೆ, ಹಗ್ಗ, ಸೋಸುವ ಅರಿವೆ ಹಿಡಿದು ಇಳಿದ.

ಬೇವಿನ ಮರದ ಕೆಳಗಿನ ಬಾವಿ ನಮ್ಮ ಕಿಟಕಿಗೆ ಕಾಣುತ್ತಿತ್ತು. ಕಲ್ಲಿದ್ದಲ ಹೊಗೆ, ಕಾದ ಎಣ್ಣೆಯ ವಾಸನೆ ಮೂಗಿಗೆ ಅಡರುತ್ತಿತ್ತು. ಅಪ್ಪ ನೀರು ಸೇದಿ ಸೋಸಿದ. ಬಿಂದಿಗೆ ತುಂಬಿತು. ಇನ್ನೇನು ಬಂದ ಅಂದುಕೊಂಡೆ. ಅವನು ಅರಿವೆಯನ್ನು ಮಗುಚಿ ತಂಬಿಗೆಯಲ್ಲಿ ಜಾಲಾಡಿಸಿ, ತಂಬಿಗೆಗೆ ಹಗ್ಗ ಕಟ್ಟಿ ಇಳಿಸತೊಡಗಿದ. ಆಗಲೇ ಸೀಟಿ ಆಯಿತು.

“ಅಪ್ಪಾ, ಸಾಕ ಬಾ” ಎಂದು ಅಕ್ಕ ಕೂಗಿದಳು. ಅಪ್ಪನ ಕೈ ನಿಲ್ಲಲಿಲ್ಲ, ಅವಸರವನ್ನೂ ಮಾಡಲಿಲ್ಲ. ಹಗ್ಗ ಇಳಿಯುತ್ತಲೇ ಇತ್ತು. ಆ ಬಾವಿ ಅದೆಷ್ಟು ಆಳವಿತ್ತೋ.

ಡಬ್ಬಿ ಜಗ್ಗಿತು. ಹೊಗೆ ಅಡ್ಡ ಬಂದು ಅಪ್ಪನ ತಲೆಯ ರುಮಾಲು ಮರೆಯಾಯಿತು. ಟಿಕೀಟುಗಳು ಅವನ ಕಿಸೆಯಲ್ಲಿದ್ದವು. ಅತ್ತೆಯ ಮನೆಯ ದಾರಿ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ನೀರು ಚೆಲ್ಲಿದವಳು ನಾನು, ಅಪ್ಪನನ್ನು ಕಳೆದವಳೂ ನಾನೇ ಎಂದುಕೊಂಡೆ. “ಅಳಬ್ಯಾಡ, ಅಪ್ಪ ಹಿಂದಿನ ಡಬ್ಬಿ ಹತ್ತ್ಯಾನ” ಎಂದಳು ಅಕ್ಕ. ಅವಳೂ ನೋಡಿರಲಿಲ್ಲ. ನನ್ನ ಕೈ ಹಿಡಿದಿದ್ದ ಅವಳ ಕೈ ತಣ್ಣಗಾಗಿತ್ತು. ಕಣ್ಣಿಗೆ ಕಿಡಿಯ ಬೂದಿ ಬಿದ್ದಿದೆ ಎಂದು ಸುಳ್ಳು ಹೇಳಿ ಅತ್ತುಬಿಟ್ಟೆ. ಆಗಿನ ಡಬ್ಬಿಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಒಳಗಿನಿಂದ ದಾರಿ ಇರುತ್ತಿರಲಿಲ್ಲ. ಮುಂದಿನ ಸ್ಟೇಶನ್ ಬರುವ ತನಕ ಏನೂ ತಿಳಿಯುವಂತಿರಲಿಲ್ಲ.

ಗಾಡಿ ನಿಂತಾಗ, ಗಾರ್ಡಿನ ಡಬ್ಬಿಯ ಕಡೆಯಿಂದ ಅಪ್ಪ ಬಿಂದಿಗೆ ಹೊತ್ತು, ತಂಬಿಗೆ ಹಿಡಿದು ಏದುಸಿರು ಬಿಡುತ್ತಾ ಬಂದ. ನಾನು ಅವನ ಹೊಟ್ಟೆಗೆ ಗುದ್ದಿದೆ. “ಹಗ್ಗ ಬಿಟ್ಟು ಓಡಿ ಬರಾಕ ಏನಾಗಿತ್ತ ನಿನಗ?”

“ಅವಕ್ಕೂ ಒಂದ ಮನಿ ಐತಿ, ಮಗಳ. ಎತ್ತಿ ತಂದವರು ನಾವು, ತಿರುಗಿ ನಾವ ಮುಟ್ಟಸಬೇಕ” ಎಂದ ಅಪ್ಪ.

ಅವನು ತಂಬಿಗೆ ತುಂಬಿ ಕೊಟ್ಟಾಗಲೇ ನನಗೆ ಬಾಯಾರಿದ್ದು ನೆನಪಾಯಿತು.

ಮೊಮ್ಮಕ್ಕಳೇ, ನಿಮ್ಮ ನೀರು ಮುಚ್ಚಳ ಹಾಕಿದ ಬಾಟಲಿಯಲ್ಲಿ ಬರುತ್ತದೆ. ಯಾರು ಎಲ್ಲಿದ್ದಾರೆಂದು ಫೋನು ಹೇಳುತ್ತದೆ. ಹೊಗೆ ಉಗುಳುವ ಆ ಇಂಜಿನ್ನೂ ಈಗಿಲ್ಲ. ಆದರೂ ಪ್ರಯಾಣದಲ್ಲಿ ನಿಮ್ಮಪ್ಪ ಬಾಟಲಿ ತರಲು ಇಳಿದರೆ ನಾನು ಕಿಟಕಿಯ ಸರಳು ಬಿಡುವುದಿಲ್ಲ. ತಲೆ ನರೆತ ಮಗ ಅವನು, ನನಗೂ ಗೊತ್ತು. ನೀವು ನಗುತ್ತೀರಿ, ನಗಿರಿ. ಅವನು ತಿರುಗಿ ಹತ್ತಿದ ಮೇಲೆಯೇ ನನಗೆ ಬಾಯಾರಿಕೆಯಾಗುವುದು.